ಎರಡು ಮನೆ, ಒಂದೇ ಕ್ರಾಸ್: ನಮ್ಮ ಪ್ಲೇಹೋಮ್ ದೊಡ್ಡದಾದ ಬಗೆ

ಮೇನ್ ರೋಡಿಗೆ ಹೋಗದೆ, ಫ್ರಾಂಚೈಸಿ ಬೋರ್ಡು ಹಾಕದೆ, ವ್ಯಾನು ಇಡದೆ ಪ್ಲೇಹೋಮ್ ಬೆಳೆಯೋದಿಲ್ಲ ಅಂತ ನನಗೆ ಹೇಳದವರೇ ಇಲ್ಲ. ತುಮಕೂರಿನ ಜಯನಗರದಲ್ಲಿ, ನಮ್ಮ ಮನೆಯ ಹಾಲ್ ಮತ್ತು ಪೋರ್ಟಿಕೊದಲ್ಲಿ ಮೂವತ್ತರ ಒಳಗೆ ಮಕ್ಕಳನ್ನಿಟ್ಟುಕೊಂಡು ವರ್ಷಗಟ್ಟಲೆ ನಡೆಸಿದವಳು ನಾನು. ಈಗ ಅದೇ ಕ್ರಾಸಿನಲ್ಲಿ ನಾಲ್ಕು ಮನೆ ಆಚೆ ಇನ್ನೊಂದು ಮನೆ ಬಾಡಿಗೆಗಿದೆ. ಮಕ್ಕಳು ಅರವತ್ತರ ಆಸುಪಾಸು. ಟೀಚರುಗಳಿಗೆ ಹನ್ನೆರಡೂ ತಿಂಗಳು ಸಂಬಳ ಕೊಡುತ್ತಿದ್ದೇನೆ, ಬೇಸಿಗೆ ರಜೆಯ ಎರಡು ತಿಂಗಳನ್ನೂ ಸೇರಿಸಿ. ನಮ್ಮೂರಲ್ಲಿ ಮನೆಯಿಂದ ಪ್ಲೇಹೋಮ್ ನಡೆಸುವವರಲ್ಲಿ ಹಾಗೆ ಕೊಡುವವರು ಎಷ್ಟು ಜನ ಇದ್ದಾರೆ ಅಂತ ನಿಮಗೇ ಗೊತ್ತು. ಅದಕ್ಕೇ, ಮನೆಯಿಂದ ಪ್ಲೇಹೋಮ್ ನಡೆಸುವ ನಿಮ್ಮಂಥವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಕೈಗೂಡದ್ದನ್ನು ಹೇಳಿಬಿಡುತ್ತೇನೆ, ದುಡ್ಡು ಹೋದದ್ದು ಅಲ್ಲೇ.

ನಮ್ಮ ಮನೆಯ ಮಹಡಿಗೆ ಎಲ್‌ಕೆಜಿ ಹಾಕಿದ್ದೆ. ಬಾಡಿಗೆ ಇಲ್ಲ, ಜಾಗ ಇದೆ. ಆದರೆ ಮೂರೂವರೆ ವರ್ಷದ ಹದಿನೈದು ಮಕ್ಕಳನ್ನು ಮೆಟ್ಟಿಲು ಹತ್ತಿಸಿ ಇಳಿಸುವುದಕ್ಕೇ ದಿನಕ್ಕೆ ಮುಕ್ಕಾಲು ಗಂಟೆ. ಬಾತ್‌ರೂಮು ಕೆಳಗೆ. ಒಬ್ಬರು ಆಯಾ ಬರೀ ಮೆಟ್ಟಿಲಿಗೇ ಬೇಕಾದರು. ಎರಡೂ ಕಡೆ ಗ್ರಿಲ್ಲು, ಮೇಲೊಂದು ಗೇಟು, ಕೆಳಗೊಂದು ಗೇಟು ಅಂತ ಮೂವತ್ತೈದು ನಲವತ್ತು ಸಾವಿರ ಹಾಕಿದ ಮೇಲೂ ತಾಯಂದಿರ ಮುಖದಲ್ಲಿ ನೆಮ್ಮದಿ ಕಾಣಲಿಲ್ಲ. ಒಂದು ಟರ್ಮಿಗೆ ನಿಲ್ಲಿಸಿದೆ.

ಆಮೇಲೆ ಮೇನ್ ರೋಡಿನ ಕಾಂಪ್ಲೆಕ್ಸೊಂದರಲ್ಲಿ ಒಂದು ಫ್ಲೋರು. ಬೋರ್ಡು ದೂರದಿಂದ ಕಾಣುತ್ತಿತ್ತು, ವಿಚಾರಿಸಲು ಬರುವವರು ದುಪ್ಪಟ್ಟಾದರು. ಸೇರಿದವರು ಮಾತ್ರ ಮೊದಲಿನಷ್ಟೇ. ಬಂದು ನೋಡಿದವರು ಮಣ್ಣು ಎಲ್ಲಿ, ಗಿಡ ಎಲ್ಲಿ ಅಂತ ಕೇಳುತ್ತಿದ್ದರು. ಕೆಳಗೆ ಬೈಕುಗಳ ಸಾಲು, ಶೌಚಾಲಯ ಮೂರು ಅಂಗಡಿಗೆ ಸೇರಿ ಒಂದು. ಖಾಲಿ ಮಾಡುವಾಗ ಪೇಂಟಿಂಗು, ರಿಪೇರಿ ಅಂತ ಅಡ್ವಾನ್ಸಿನಲ್ಲಿ ಅರ್ಧ ಹಿಡಿದುಕೊಂಡರು. ಎಲ್ಲಾ ಸೇರಿ ಎರಡು ಲಕ್ಷದ ಮೇಲೆ ಹೋಯಿತು.

ಫ್ರಾಂಚೈಸಿಯವರೂ ಬಂದಿದ್ದರು. ಹೆಸರು ಬೇಡ. ಸೇರುವಾಗ ದೊಡ್ಡ ಮೊತ್ತ, ಆಮೇಲೆ ಫೀಸಿನಲ್ಲಿ ಇಷ್ಟು ಪರ್ಸೆಂಟು ರಾಯಲ್ಟಿ, ಪುಸ್ತಕ, ಬ್ಯಾಗು, ಯೂನಿಫಾರ್ಮು ಅವರದ್ದೇ. ಸೇರುವ ಮೊತ್ತ, ರಾಯಲ್ಟಿ ಎರಡರ ಮೇಲೂ 18 ಪರ್ಸೆಂಟ್ ಜಿಎಸ್‌ಟಿ. ನಾವು ಮಕ್ಕಳಿಂದ ತೆಗೆದುಕೊಳ್ಳುವ ಪೂರ್ವಪ್ರಾಥಮಿಕ ಫೀಸಿಗೆ ಜಿಎಸ್‌ಟಿ ಇಲ್ಲ, ಹಾಗಾಗಿ ಆ 18ನ್ನು ಎಲ್ಲೂ ಹಿಂದಕ್ಕೆ ಪಡೆಯೋ ಹಾಗಿಲ್ಲ, ಪೂರ್ತಿ ನಮ್ಮ ಮೈಮೇಲೆ. ಮಾತಾಡಲು ಬಂದವರು ಈ ಲೆಕ್ಕ ಬಾಯಿ ಬಿಡುವುದಿಲ್ಲ. ನೀವೇ ಕಾಗದದ ಮೇಲೆ ಹಾಕಿ ನೋಡಿ.

ಇಷ್ಟಾದ ಮೇಲೆ ನನಗೆ ಗಟ್ಟಿಯಾದದ್ದು ಒಂದೇ ವಿಷಯ. ಎರಡೂವರೆಯಿಂದ ಆರು ವರ್ಷದ ಮಕ್ಕಳಿಗೆ ಬೇಕಾದ ಕಟ್ಟಡ ಮನೆಯೇ. ಅಡುಗೆಮನೆ, ಬಚ್ಚಲು, ಮಲಗುವ ಕೋಣೆ, ನೆಲಮಟ್ಟದ ಬಾಗಿಲು, ಸುತ್ತ ಒಂದಿಷ್ಟು ಮಣ್ಣು. ಜಾಗ ಸಾಲದೆ ಹೋದರೆ ಇನ್ನೊಂದು ಮನೆ ಬೇಕು, ಅದೂ ಅದೇ ಬೀದಿಯಲ್ಲಿ. ಒಂದು ಮನೆಯಲ್ಲಿ ಟೀಚರ್ ರಜೆ ಹಾಕಿದರೆ ಇನ್ನೊಂದರಿಂದ ಎರಡು ನಿಮಿಷದಲ್ಲಿ ಆಳು ಬರಬೇಕು. ಬೇರೆ ಬಡಾವಣೆಯಲ್ಲಿ ಬ್ರಾಂಚು ಮಾಡಿದ ನನ್ನ ಗೆಳತಿಗೆ ಎರಡು ಶಾಲೆಯ ಖರ್ಚು ಬಂತು, ಒಂದೂವರೆ ಶಾಲೆಯ ಆದಾಯ ಬಂತು.

ಮನೆ ಸಿಗುವುದು ಸುಲಭ ಅಲ್ಲ. "ಏನಮ್ಮಾ, ಸ್ಕೂಲಿಗೆ ಕೊಟ್ಟರೆ ನನ್ನ ಗೋಡೆ ಉಳಿಯುತ್ತಾ?" ಅಂತ ಓನರ್ ಆಂಟಿ ಬಾಗಿಲಲ್ಲೇ ಕೇಳಿದರು. ನಾನು ಅವರನ್ನು ನಮ್ಮ ಮನೆಗೆ ಕರೆದುಕೊಂಡು ಬಂದು ಗೋಡೆ ತೋರಿಸಿದೆ. ನೆಲದಿಂದ ಮೂರೂವರೆ ಅಡಿವರೆಗೆ ತೆಳು ಪ್ಲೈವುಡ್, ಅದಕ್ಕೆ ಕರಿಹಲಗೆ ಬಣ್ಣ. ಮಕ್ಕಳು ಗೀಚುವುದು ಅಲ್ಲೇ, ಸುಣ್ಣದ ಗೋಡೆ ಮುಟ್ಟೋದಿಲ್ಲ. ಪ್ಲೈವುಡ್ಡನ್ನು ಗೋಡೆಗೆ ಮೊಳೆ ಹೊಡೆಯದೆ ನಿಲ್ಲಿಸುವ ಒಂದು ಬಗೆ ಇದೆ, ಅದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಆಂಟಿ ಭೋಗ್ಯಕ್ಕೆ ಹಾಕಿಕೋ ಅಂದರು, ಹನ್ನೆರಡು ಲಕ್ಷಕ್ಕೆ. ನನ್ನ ಹತ್ತಿರ ಅಷ್ಟಿಲ್ಲ. ಇದ್ದಿದ್ದರೂ ಒಂದೇ ಕಡೆ ಕೂರಿಸುತ್ತಿರಲಿಲ್ಲ. ಬಾಡಿಗೆ 14,000, ಅಡ್ವಾನ್ಸ್ ಒಂದೂವರೆ ಲಕ್ಷಕ್ಕೆ ಕುದುರಿತು. ಇಲ್ಲಿ ಒಂದು ಮಾತು ಗಮನವಿಟ್ಟು ಓದಿ. ಎಲ್ಲರೂ ಹನ್ನೊಂದು ತಿಂಗಳ ಕರಾರು ಮಾಡಿಕೊಳ್ಳುತ್ತಾರೆ, ಯಾಕೆಂದರೆ ಒಂದು ವರ್ಷ ದಾಟಿದರೆ ನೋಂದಣಿ ಮಾಡಿಸಲೇಬೇಕು, ಖರ್ಚು. ನಾನು ಐದು ವರ್ಷದ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದೆ, ಮತ್ತು ಅವಧಿ ಶಾಲಾ ವರ್ಷದ ಕೊನೆಗೆ, ಮೇ 31ಕ್ಕೇ ಮುಗಿಯುವ ಹಾಗೆ ಬರೆಸಿದೆ. ನವೆಂಬರಿನಲ್ಲಿ ಓನರ್ ಮಗ ಅಮೆರಿಕದಿಂದ ಬಂದು ಮನೆ ಬಿಡಿ ಅಂದರೆ ಮೂವತ್ತು ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ? ವರ್ಷಕ್ಕೆ ಐದು ಪರ್ಸೆಂಟ್ ಏರಿಕೆಯನ್ನೂ ಮೊದಲೇ ಬರೆಸಿ, ಆಮೇಲೆ ಜಗಳ ಇಲ್ಲ.

ಮನೆ ಹೊಂದಿಸುವುದಕ್ಕೆ ಅಡ್ವಾನ್ಸ್ ಬಿಟ್ಟು ಮೂರು ಲಕ್ಷ ಚಿಲ್ಲರೆ ಆಯಿತು. ಚಿಕ್ಕ ಕಮೋಡು, ಕೆಳಗೆ ಇಳಿಸಿದ ವಾಶ್ ಬೇಸಿನ್ನು, ಕ್ಯಾಮೆರಾ, ಗೇಟಿನ ಒಳಗೆ ಇನ್ನೊಂದು ಗೇಟು. ಸಂಪಿನ ಮುಚ್ಚಳಕ್ಕೆ ಬೀಗ ಮೊದಲ ದಿನವೇ. ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರು ಬಿಟ್ಟ ದಿನ ಯಾರಾದರೂ ಮುಚ್ಚಳ ತೆಗೆದು ನೋಡುತ್ತಾರೆ, ಹಾಗೇ ಬಿಟ್ಟು ಒಳಗೆ ಹೋಗುತ್ತಾರೆ. ಆದ್ದರಿಂದ ಬೀಗದ ಕೈ ನನ್ನ ಸೊಂಟದಲ್ಲೇ ಇರುತ್ತದೆ, ಆಯಾ ಹತ್ತಿರ ಕೂಡ ಇಲ್ಲ. ದುಡ್ಡು ಎಲ್ಲಿಂದ ಅಂದರೆ, ಚೀಟಿ ಎತ್ತಿದ್ದು ಎರಡು ಲಕ್ಷ, ಉಳಿದದ್ದು ಸಣ್ಣ ಉದ್ಯಮಗಳಿಗೆ ಸರ್ಕಾರದ ಯೋಜನೆಯಲ್ಲಿ ಬ್ಯಾಂಕು ಕೊಡುವ ಮುದ್ರಾ ಸಾಲ, ಕಿಶೋರ್ ವಿಭಾಗದಲ್ಲಿ, ಅದು 50,000ದಿಂದ ಐದು ಲಕ್ಷದವರೆಗೆ. ಮೊದಲು ಹೋದ ಬ್ಯಾಂಕಿನಲ್ಲಿ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವುದು ಉದ್ಯಮವೇ ಅಲ್ಲ ಅಂದುಬಿಟ್ಟರು. ಎರಡನೇ ಬ್ಯಾಂಕಿಗೆ ಹೋಗುವಾಗ ಸಣ್ಣ ಉದ್ಯಮ ಅಂತ ಸರ್ಕಾರ ಕೊಡುವ ಉದ್ಯಮ್ ನೋಂದಣಿ, ನೋಂದಾಯಿತ ಬಾಡಿಗೆ ಪತ್ರ, ಮೂರು ವರ್ಷದ ಫೀಸ್ ರಸೀದಿ ಪುಸ್ತಕ ಒಟ್ಟಿಗೆ ಹಿಡಿದುಕೊಂಡು ಹೋದೆ. ಆ ರಸೀದಿ ಪುಸ್ತಕಗಳನ್ನು ನೋಡಿದ ಮೇಲೆ ಮ್ಯಾನೇಜರ್ ಮಾತು ಬದಲಾಯಿತು. ನಗದು ತೆಗೆದುಕೊಂಡರೂ ರಸೀದಿ ಬರೆಯಿರಿ.

ಇನ್ನು ಅಕ್ಕಪಕ್ಕದವರು. ವಸತಿ ಬೀದಿಯಲ್ಲಿ ಪ್ಲೇಹೋಮ್ ಮುಚ್ಚುವುದು ಇಲಾಖೆಯಿಂದಲ್ಲ, ಪಕ್ಕದ ಮನೆಯವರ ದೂರಿನಿಂದ. ಮನೆ ಹಿಡಿಯುವ ಮೊದಲೇ ಕ್ರಾಸಿನ ಎರಡೂ ಬದಿಯ ಮನೆಗಳಿಗೆ ಹೋಗಿ ಮಾತಾಡಿದೆ. ಎದುರು ಮನೆಯ ನಿವೃತ್ತ ಮೇಷ್ಟ್ರು ಒಪ್ಪಲೇ ಇಲ್ಲ. "ಗಲಾಟೆ ಬಿಡಮ್ಮ, ಮಕ್ಕಳು ಅಂದಮೇಲೆ ಇರುತ್ತೆ. ನಿಮ್ಮ ಪೇರೆಂಟ್ಸ್ ಕಾರು ನನ್ನ ಗೇಟಿಗೆ ಅಡ್ಡ ನಿಲ್ಲಿಸ್ತಾರೆ, ನನಗೆ ಆಸ್ಪತ್ರೆಗೆ ಹೋಗೋದಿರುತ್ತೆ" ಅಂದರು. ನ್ಯಾಯದ ಮಾತು. ಅದಕ್ಕೆ ಹೊತ್ತು ಬೇರೆ ಮಾಡಿದೆ. ದೊಡ್ಡವರಿಗೆ ಎರಡನೇ ಮನೆಯಲ್ಲಿ 9ರಿಂದ 1. ಚಿಕ್ಕವರಿಗೆ ನಮ್ಮ ಮನೆಯಲ್ಲಿ 9.40ರಿಂದ 12.30. ಅರವತ್ತು ಮಕ್ಕಳಾದರೂ ಒಂದೇ ಸಲ ಬೀದಿಯಲ್ಲಿ ಹದಿನೈದಕ್ಕಿಂತ ಹೆಚ್ಚು ಗಾಡಿ ಸೇರುವುದಿಲ್ಲ. ಕಾರು ಕ್ರಾಸಿನ ಬಾಯಲ್ಲೇ ನಿಲ್ಲಿಸಿ ನಡೆದು ಬರಬೇಕು ಅಂತ ಅಡ್ಮಿಷನ್ ಫಾರಂನಲ್ಲೇ ಸಹಿ. ಮೈಕು ಇಲ್ಲ, ವಾರ್ಷಿಕೋತ್ಸವ ಬೀದಿಯಲ್ಲಿ ಇಲ್ಲ. ಆ ಮೇಷ್ಟ್ರು ಈಗ ಶುಕ್ರವಾರ ಬಂದು ಕಥೆ ಹೇಳುತ್ತಾರೆ. ಮಕ್ಕಳು ಅವರಿಗೆ ಮೇಷ್ಟ್ರು ತಾತ ಅನ್ನುತ್ತಾರೆ.

ಒಂದು ಬ್ಯಾಚಿಗೆ ಹದಿನೈದು ಮಕ್ಕಳು ಅಂತ ಹಿಡಿದಿದ್ದೇನೆ. ಇಪ್ಪತ್ತು ಮಕ್ಕಳಿಗೆ ಒಬ್ಬ ಟೀಚರ್, ಒಬ್ಬ ಆಯಾ ಅನ್ನುವುದು ಮಕ್ಕಳ ಹಕ್ಕು ಆಯೋಗದ ಮಾರ್ಗಸೂಚಿ. ನಮ್ಮ ಹಾಲ್‌ನ ಅಳತೆಗೆ ಇಪ್ಪತ್ತು ಹೆಚ್ಚು. ಹದಿನಾರನೇ ಮಗುವಿಗೆ ಇಲ್ಲ ಅಂದಾಗಲೆಲ್ಲ ನಮ್ಮ ಮನೆಯವರು ನನ್ನ ಮುಖ ನೋಡುತ್ತಿದ್ದರು. ಆದರೆ ಹಾಗೆ ಇಲ್ಲ ಅನ್ನಿಸಿಕೊಂಡವರೇ ಮುಂದಿನ ವರ್ಷಕ್ಕೆ ಡಿಸೆಂಬರಿನಲ್ಲೇ ಬಂದು ಹೆಸರು ಬರೆಸಿದರು. ಡಿಸೆಂಬರಿನಲ್ಲಿ ನಾನು ಇನ್ನೊಂದು ಕೆಲಸವನ್ನೂ ಮಾಡುತ್ತೇನೆ, ಅಡ್ಮಿಷನ್ ಅರ್ಧ ತುಂಬುವುದು ಅದರಿಂದಲೇ. ಅದನ್ನು ಇಲ್ಲಿ ಬರೆಯುವುದಿಲ್ಲ, ಪಕ್ಕದ ಬೀದಿಯವರೂ ಇದನ್ನು ಓದುತ್ತಾರೆ.

ವಯಸ್ಸಿನ ನಿಯಮ ನಮ್ಮ ಲೆಕ್ಕವನ್ನು ಎರಡು ಸಲ ಅಲ್ಲಾಡಿಸಿತು. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅಂತ ಸರ್ಕಾರ 2022ರಲ್ಲಿ ಹೇಳಿ, 2025-26ರಿಂದ ಕಡ್ಡಾಯ ಅಂದಿತ್ತು. ಜುಲೈನಿಂದ ಡಿಸೆಂಬರಿನಲ್ಲಿ ಹುಟ್ಟಿದ ಮಕ್ಕಳು ನಮ್ಮಲ್ಲೇ ಇನ್ನೊಂದು ವರ್ಷ ಉಳಿಯುತ್ತಾರೆ ಅಂತ ಎರಡನೇ ಮನೆಯಲ್ಲಿ ಅವರಿಗೇ ಒಂದು ಕೋಣೆ ಇಟ್ಟಿದ್ದೆ. 2025ರ ಏಪ್ರಿಲಿನಲ್ಲಿ ಆ ಒಂದು ವರ್ಷಕ್ಕೆ ಮಾತ್ರ ಐದು ವರ್ಷ ಐದು ತಿಂಗಳು ಅಂತ ಸಡಿಲಿಸಿದರು. ಎಲ್‌ಕೆಜಿ, ಯುಕೆಜಿ ಮುಗಿಸಿದ್ದ ಮಕ್ಕಳು ಏಳೆಂಟು ಜನ ಒಂದೇ ವಾರದಲ್ಲಿ ಟಿಸಿ ಕೇಳಿದರು. ಒಂದೂವರೆ ಲಕ್ಷದ ಹತ್ತಿರ ಕೈತಪ್ಪಿತು. ಆ ಕೋಣೆ ಖಾಲಿ ಇತ್ತಲ್ಲ, ಅದರಲ್ಲೇ ಡೇಕೇರ್ ಶುರು ಮಾಡಿದೆ. ಈಗ ನನ್ನ ಲಾಭ ನಿಂತಿರುವುದು ಅದರ ಮೇಲೆ.

ಲೆಕ್ಕ ಹೀಗಿದೆ, ನೆನಪಿನಿಂದ ಹೇಳುತ್ತಿದ್ದೇನೆ, ಹೆಚ್ಚುಕಮ್ಮಿ ಇರಬಹುದು. ವರ್ಷಕ್ಕೆ ಮಗುವಿಗೆ 22,000 ಫೀಸು, ಮೂರು ಕಂತು. ಅಣ್ಣ ತಂಗಿ ರಿಯಾಯಿತಿ, ಬಾಕಿ ಎಲ್ಲಾ ಕಳೆದು ಹನ್ನೆರಡೂವರೆ ಲಕ್ಷ ಕೈಗೆ ಬರುತ್ತದೆ. ನಾಲ್ಕು ಟೀಚರಿಗೆ ತಿಂಗಳಿಗೆ 12,000, ಮಧ್ಯಾಹ್ನದವರೆಗಿನ ಮೂರು ಆಯಾಗಳಿಗೆ 8,000, ಬಾಡಿಗೆ, ಕರೆಂಟು, ಸಾಮಾನು, ತಿಂಡಿ ಅಂತ ಹನ್ನೊಂದೂವರೆ ಲಕ್ಷ ಹೋಗುತ್ತದೆ. ಅಂದರೆ ಬೆಳಗಿನ ಶಾಲೆ ತನ್ನನ್ನು ತಾನು ಸಾಕಿಕೊಳ್ಳುತ್ತದೆ, ಅಷ್ಟೇ. ಮಧ್ಯಾಹ್ನ 1ರಿಂದ ಸಂಜೆ 6.30ರ ಡೇಕೇರಿಗೆ ತಿಂಗಳಿಗೆ 3,500, ಮಕ್ಕಳು ಹದಿನಾಲ್ಕು. ಅಡುಗೆಯವರು, ಇನ್ನೊಬ್ಬರು ಆಯಾ, ಹಾಲು ಕಳೆದು ಮೂರು ಲಕ್ಷ ಉಳಿಯುತ್ತದೆ. ತಂದೆ ವಸಂತನರಸಾಪುರದ ಕಾರ್ಖಾನೆಯಲ್ಲಿ, ತಾಯಿ ಬ್ಯಾಂಕಿನಲ್ಲೋ ಕಾಲೇಜಿನಲ್ಲೋ ಇರುವ ಮನೆಗಳು ಇಂಥದ್ದನ್ನೇ ಹುಡುಕುತ್ತಿದ್ದವು. ಬಾಡಿಗೆ ಅದೇ, ಮನೆ ಮಾತ್ರ ಸಂಜೆವರೆಗೂ ದುಡಿಯುತ್ತದೆ. ಕಾಂಪ್ಲೆಕ್ಸಿನ ಫ್ಲೋರಿನಲ್ಲಿ ಅಡುಗೆ ಮಾಡಿ ಮಕ್ಕಳನ್ನು ಮಲಗಿಸಲು ಆಗುತ್ತಿತ್ತೇ?

ಸಾಮಾನಿನ ವಿಷಯ ಸ್ವಲ್ಪ ಹೇಳಬೇಕು, ನನಗೆ ಇಷ್ಟದ್ದು. ಮಾಂಟೆಸರಿ ಸೆಟ್ಟು, ಅಂದರೆ ಮಕ್ಕಳು ಕೈಯಲ್ಲಿ ಹಿಡಿದು ಜೋಡಿಸುತ್ತಾ ಕಲಿಯುವ ಸಾಮಾನು, ಹೊಸದಾಗಿ ಕೊಂಡರೆ ಒಂದೂವರೆ ಲಕ್ಷದ ಮೇಲೆ. ಊರಿನ ಬಡಗಿಯೊಬ್ಬರಿಂದ ಸಿಲ್ವರ್ ಓಕ್‌ನಲ್ಲಿ ಮಾಡಿಸಿ ನೋಡಿದೆ. ಗುಲಾಬಿ ಗೋಪುರ, ಅಂದರೆ ಒಂದು ಸೆಂಟಿಮೀಟರಿನಿಂದ ಹತ್ತರವರೆಗಿನ ಹತ್ತು ಘನ, ಚೆನ್ನಾಗಿ ಬಂತು. ಗುಳಿಗಳಲ್ಲಿ ಮರದ ಗುಂಡು ಕೂರಿಸುವ ಸಿಲಿಂಡರ್ ಹಲಗೆ ಮಾತ್ರ ಮಳೆಗಾಲಕ್ಕೆ ಉಬ್ಬಿ, ಗುಂಡುಗಳು ಗುಳಿಯಲ್ಲೇ ಕಚ್ಚಿಕೊಂಡವು. ಮಗು ಎಳೆದು ಎಳೆದು ಅತ್ತುಬಿಡುತ್ತಿತ್ತು. ಸಿಲಿಂಡರ್ ಕೊಂಡುಕೊಳ್ಳಿ, ಗೋಪುರ, ಮೆಟ್ಟಿಲಿನ ಹಾಗೆ ಜೋಡಿಸುವ ಮರದ ತುಂಡುಗಳು, ಉದ್ದ ಗಿಡ್ಡದ ಕೋಲುಗಳನ್ನು ಮಾಡಿಸಿ. ಅರ್ಧಕ್ಕರ್ಧ ಉಳಿಯುತ್ತದೆ.

ಮಕ್ಕಳು ಬೆರಳಾಡಿಸಿ ಕಲಿಯುವ ಮರಳು ಕಾಗದದ ಅಕ್ಷರ ಇನ್ನೊಂದು ಪಾಡು. ಇಂಗ್ಲಿಷಿನದ್ದು ಅಂಗಡಿಯಲ್ಲಿ ಸಿಗುತ್ತದೆ, ಕನ್ನಡದ್ದನ್ನು ನಾವೇ ಮಾಡಬೇಕು. ನಮ್ಮ ಅಕ್ಷರಗಳ ಸುರುಳಿಯನ್ನು ಮರಳು ಕಾಗದದಲ್ಲಿ ಕತ್ತರಿಸುವುದರೊಳಗೆ ಕತ್ತರಿ ಮೊಂಡಾಗುತ್ತದೆ. ಅಂಟಿನಲ್ಲಿ ಬರೆದು ಸಣ್ಣ ರವೆ ಉದುರಿಸಿದೆವು, ನೋಡಲು ಬಹಳ ಚೆಂದ, ಮೂರನೇ ದಿನಕ್ಕೆ ಇರುವೆ. ಕೊನೆಗೆ ರಂಗೋಲಿ ಪುಡಿ ನಿಂತಿತು. ಎರಡು ಪದರ ಉದುರಿಸಿ ಮೇಲೆ ತೆಳ್ಳಗೆ ವಾರ್ನಿಷ್ ಕೊಟ್ಟರೆ ಒಂದು ವರ್ಷ ಅಲುಗೋದಿಲ್ಲ. ಎಣಿಕೆಗೆ ಹುಣಸೆ ಬೀಜ, ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಬರವಿಲ್ಲ, ಆದರೆ ನಾಲ್ಕು ತುಂಬಿದವರ ಕೈಗೆ ಮಾತ್ರ. ಚಿಕ್ಕವರು ಮೂಗಿಗೆ ತುರುಕಿಕೊಳ್ಳುತ್ತಾರೆ. ಅವರಿಗೆ ಉಜ್ಜಿ ನುಣುಪು ಮಾಡಿದ ತೆಂಗಿನ ಚಿಪ್ಪು, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸುವ ಆಟ. ತಿಪಟೂರಿನ ಕಡೆಯ ಪೇರೆಂಟ್ ಒಬ್ಬರು ಒಂದು ಚೀಲ ತಂದುಕೊಟ್ಟರು.

ತಿಂಡಿಯಲ್ಲಿ ಬಿಸ್ಕತ್ತು ನಿಲ್ಲಿಸಿ ತಟ್ಟೆ ಇಡ್ಲಿ ಕಾಲು ಕಾಲು ಕೊಟ್ಟೆ, ತಂಬಿಟ್ಟು ಕೊಟ್ಟೆ. ರಾಗಿ ಗಂಜಿ ಕುಡಿಯಲಿಲ್ಲ. ಅದೇ ಹಿಟ್ಟನ್ನು ಬೆಲ್ಲ ಹಾಕಿ ದೋಸೆ ಮಾಡಿದರೆ ಎರಡನೇದು ಕೇಳುತ್ತಾರೆ.

ಪಾವಗಡ ಕಡೆಯಿಂದ ಬಂದ ಮನೆಗಳ ಮಕ್ಕಳು ತೆಲುಗು, ಕೆಲವರದ್ದು ಉರ್ದು. ಮೊದಲ ತಿಂಗಳು ಅವರ ಮಾತಿನಲ್ಲೇ ನೀರು, ಬಾತ್‌ರೂಮು, ಅಮ್ಮ ಬರ್ತಾರೆ ಅನ್ನುವುದನ್ನು ಟೀಚರುಗಳು ಕಲಿತುಕೊಳ್ಳಬೇಕು ಅನ್ನುವುದು ನಮ್ಮಲ್ಲಿ ನಿಯಮ. ಅಳು ಅರ್ಧ ಅದರಿಂದಲೇ ನಿಲ್ಲುತ್ತದೆ. ಟೀಚರು, ಆಯಾ ಯಾರೇ ಆಗಲಿ ಪೊಲೀಸ್ ಪರಿಶೀಲನೆ ಆಗದೆ ಒಳಗೆ ಸೇರಿಸುವುದಿಲ್ಲ. ಅಡುಗೆಯವರಿಗೂ ಅಷ್ಟೇ.

ಪಕ್ಕದ ಕ್ರಾಸಿನಲ್ಲಿ ಮೂರನೇ ಮನೆ ಕೊಡುತ್ತೇವೆ ಅಂತ ಈ ವರ್ಷ ಬಂದಿದ್ದರು, ಬೇಡ ಅಂದೆ. ಮುದ್ರಾ ಕಂತು ಇನ್ನೂ ಒಂದು ವರ್ಷ ಇದೆ, ಮತ್ತು ಅಲ್ಲಿಂದ ನಮ್ಮ ಗೇಟು ಕಾಣುವುದಿಲ್ಲ. ಬಂದು ನೋಡಬೇಕು ಅನ್ನುವವರು ಆಗಸ್ಟಿನ ಮೇಲೆ ಬನ್ನಿ. ಜೂನಿನಲ್ಲಿ ಹೊಸ ಮಕ್ಕಳು ಅಳುತ್ತಿರುತ್ತಾರೆ, ಹೊಸ ಮುಖ ಕಂಡರೆ ಇನ್ನೂ ಜೋರು. ಬರುವಾಗ ನಿಮ್ಮ ಬಾಡಿಗೆ ಕರಾರಿನ ಪ್ರತಿ ಜೊತೆಗಿರಲಿ, ನಾನು ಮೊದಲು ನೋಡುವುದು ಅದನ್ನೇ.