ಒಳ್ಳೆ ಕಿವಿ ಪಕ್ಕದಲ್ಲಿದ್ದಾಗ ಇಂಪ್ಲಾಂಟ್ ಹೊಂದಿಸೋದು

ಒಂದು ಕಿವಿ ಹೋದರೆ ನಮ್ಮ ಬಳ್ಳಾರಿ ಕಡೆ ಜನ ‘ಇನ್ನೊಂದು ಐತಲ್ಲ’ ಅಂತ ಸುಮ್ಮನಾಗುತ್ತಾರೆ. ಕಿವುಡಾದ ಕಿವಿಯೊಳಗೆ ಎಲೆಕ್ಟ್ರೋಡ್‌ಗಳ ತಂತಿ ಕೂರಿಸಿ, ಹೊರಗಿನ ಪ್ರೊಸೆಸರ್ ಹಿಡಿದ ಸದ್ದನ್ನು ಕರೆಂಟ್ ಸಂಕೇತವಾಗಿ ನರಕ್ಕೆ ಮುಟ್ಟಿಸುವ ಸಾಧನ ಕಾಕ್ಲಿಯರ್ ಇಂಪ್ಲಾಂಟ್. ಅದಕ್ಕೆ ಸರಕಾರದ ನೆರವು ಹೆಚ್ಚಾಗಿ ಚಿಕ್ಕ ಮಕ್ಕಳಿಗೆ. ದೊಡ್ಡವರು ಲಕ್ಷಗಟ್ಟಲೆ ಕೈಯಿಂದಲೇ ಹಾಕಬೇಕು. ಅಮೆರಿಕದಲ್ಲೂ ಒಂದೇ ಕಿವಿ ಕಿವುಡಾದವರಿಗೆ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2019ರಲ್ಲಿ. ಹಾಗಾಗಿ ಆಡಿಯಾಲಜಿಸ್ಟ್ (ಶ್ರವಣ ತಜ್ಞೆ) ಆದ ನನ್ನ ಹತ್ತಿರ ಇಂಥವರು ಬರುವುದು ಅಪರೂಪ.

ಗಂಗಾವತಿಯ ರೈಸ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವವರು ಬಂದಿದ್ದರು. ಎಡಗಿವಿ ಇದ್ದಕ್ಕಿದ್ದಂತೆ ಹೋಗಿತ್ತು, ಅದರೊಳಗೆ ಸದಾ ಗುಂಯ್ ಅನ್ನುವ ಸದ್ದು ಬೇರೆ. ಆಪರೇಷನ್ ಬೇರೆ ಊರಲ್ಲಾಯಿತು. ಗಾಯ ಮಾಗಿದ ಮೇಲೆ ಸ್ವಿಚ್ ಆನ್ ಮಾಡಿದ್ದು ನಾನು.

ಮೊದಲು ಇಂಪಿಡೆನ್ಸ್, ಅಂದರೆ ಒಂದೊಂದು ಎಲೆಕ್ಟ್ರೋಡ್‌ನಲ್ಲೂ ಕರೆಂಟ್‌ಗೆ ಎಷ್ಟು ಅಡ್ಡಿಯಿದೆ ಅಂತ ನೋಡಿದೆ. 22 ಎಲೆಕ್ಟ್ರೋಡ್‌ಗಳೂ ಸರಿಯಿದ್ದವು. ಬೀಪ್ ಕೊಡುತ್ತಾ, ಎಷ್ಟಕ್ಕೆ ಕೇಳಲು ಶುರುವಾಗುತ್ತದೆ, ಎಲ್ಲಿಯವರೆಗೆ ಹಿತವಾಗಿರುತ್ತದೆ ಅಂತ ಗುರುತು ಹಾಕಿಕೊಂಡೆ. ಇಲ್ಲಿಯವರೆಗೆ ಎಲ್ಲರಿಗೂ ಒಂದೇ. ಮೈಕ್ ಆನ್ ಮಾಡಿದಾಗ ನೋಡಿ ಕಷ್ಟ. ನಾನು ಬಾಯಿ ಬಿಟ್ಟರೆ ಸಾಕು, ಬಲಗಿವಿಯೇ ಮುಂದೆ ಬಿದ್ದು ಉತ್ತರ ಕೊಡುತ್ತದೆ! ಪ್ಲಗ್ ಹಾಕಿ ಮೇಲೆ ಇಯರ್ ಮಫ್ ಕೂರಿಸಿದರೂ ಅದು ಪೂರ್ತಿ ಸುಮ್ಮನಾಗುವುದಿಲ್ಲ. ಅದಕ್ಕೇ ಬ್ಲೂಟೂತ್‌ನಲ್ಲಿ ಪದಗಳನ್ನು ನೇರ ಪ್ರೊಸೆಸರ್‌ಗೇ ಕಳಿಸಿ ಪರೀಕ್ಷೆ ಮಾಡುತ್ತೇನೆ.

“ಮೇಡಂ, ಸಿಟ್ಟಾಗಬ್ಯಾಡ್ರಿ, ನಿಮ್ಮ ದನಿ ಇಲಿ ಚೀರಿದಂಗ ಕೇಳ್ತೈತ್ರಿ” ಅಂದರು. ತಪ್ಪೇನಿಲ್ಲ. ಕೆಳಸ್ಥಾಯಿಯ ದಪ್ಪ ದನಿ ಕೇಳಿಸುವ ಜಾಗ ಕಾಕ್ಲಿಯದ (ಒಳಗಿವಿಯ ಸುರುಳಿ) ಒಳತುದಿಯಲ್ಲಿದೆ, ಎಲೆಕ್ಟ್ರೋಡ್ ಸಾಮಾನ್ಯವಾಗಿ ಅಲ್ಲಿಯವರೆಗೆ ಹೋಗುವುದಿಲ್ಲ. ಹಾಗಾಗಿ ದನಿ ಕೀರಲಾಗಿ ಕೇಳುತ್ತದೆ. ಎರಡೂ ಕಿವಿ ಹೋದವರಿಗೆ ಹೋಲಿಸಿ ನೋಡಲು ಏನೂ ಇರಲ್ಲ. ಇವರಿಗೆ ಅಸಲಿ ದನಿ ಪಕ್ಕದಲ್ಲೇ ಇದೆಯಲ್ವಾ? ಯಾವ ಸ್ಥಾಯಿಯ ಸದ್ದು ಯಾವ ಎಲೆಕ್ಟ್ರೋಡ್‌ಗೆ ಅನ್ನುವ ಫ್ರೀಕ್ವೆನ್ಸಿ ಹಂಚಿಕೆ ಬದಲಿಸಲು ಕೈ ತುರಿಸುತ್ತದೆ. ನಾನು ಮೊದಲ ಕೆಲವು ತಿಂಗಳು ಮುಟ್ಟುವುದಿಲ್ಲ, ಮೆದುಳು ಒಗ್ಗಿಕೊಳ್ಳಲಿ ಅಂತ.

ಜಾಸ್ತಿ ಹೊತ್ತು ಹಿಡಿದಿದ್ದು ಎರಡು ಕಿವಿಯ ಸದ್ದಿನ ಸಮತೋಲ. ಎದುರಿಗೆ ಕೂತು, ಕಣ್ಣು ಮುಚ್ಚಲು ಹೇಳಿ, ಒಂದೇ ಹದದಲ್ಲಿ ಮಾತಾಡುತ್ತಾ ಹೋದೆ. ದನಿ ಎತ್ತಲಿಂದ ಬರುತ್ತದೋ ಅತ್ತ ಅವರು ಬೆರಳು ತೋರಿಸಬೇಕು. ಮೊದಲು ಬೆರಳು ಬಲಕ್ಕೇ ಹೋಯಿತು. ಎಡಗಿವಿಗೆ ಗುರುತು ಹಾಕಿದ್ದ ಹಿತದ ಮೇಲಿನ ಮಟ್ಟವನ್ನು ಒಂದೊಂದೇ ಹೆಜ್ಜೆ ಏರಿಸಿದೆ. ಬೆರಳು ಮೆಲ್ಲಗೆ ಸರಿಯುತ್ತಾ ಮೂಗಿನ ನೇರಕ್ಕೆ ಬಂತು. ಅಲ್ಲಿಗೆ ನಿಲ್ಲಿಸಿದೆ.

ಮನೆಗೆ ಕೊಟ್ಟ ಕೆಲಸ ಒಂದೇ: ಕಥೆಯ ಪುಸ್ತಕ ಮುಂದಿಟ್ಟುಕೊಂಡು, ಮಗಳು ಓದಿ ರೆಕಾರ್ಡ್ ಮಾಡಿದ್ದನ್ನು ದಿನಾ ಎಡಗಿವಿಯಿಂದಷ್ಟೇ ಕೇಳುವುದು. ಇದನ್ನು ಬಿಟ್ಟವರು ಆಮೇಲೆ ಪ್ರೊಸೆಸರ್ ಅನ್ನೇ ಡಬ್ಬಿಯಲ್ಲಿಡುತ್ತಾರೆ. ಇವರು ಬಿಡಲಿಲ್ಲ. ಪ್ರೊಸೆಸರ್ ಹಾಕಿಕೊಂಡಾಗ ಗುಂಯ್ ಅನ್ನುವುದು ತಗ್ಗುತ್ತದೆ, ರಾತ್ರಿ ತೆಗೆದಿಟ್ಟರೆ ಮತ್ತೆ ಹಾಜರು. ಫೋನ್ ಮಾತ್ರ ಈಗಲೂ ಬಲಗಿವಿಗೇ ಹಿಡಿಯುತ್ತಾರೆ. ನಾನೂ ಬೇಡ ಅಂದಿಲ್ಲ.