ಮುಂಬೈಯಿಂದ ಲಂಡನ್‌ಗೆ ಎಷ್ಟು ಹೊತ್ತು? ನಾನು ಲೆಕ್ಕ ಹಾಕುವ ರೀತಿ

ಮುಂಬೈಯ ಮಾಟುಂಗಾದಲ್ಲಿ ವಿಮಾನದ ಟಿಕೆಟ್ ಮಾಡಿಕೊಡುವುದು ನನ್ನ ಕೆಲಸ. ಮಗಳ ಬಾಣಂತನಕ್ಕೆ ಅಂತ ಲಂಡನ್‌ಗೆ ಹೊರಡುವ ನಮ್ಮ ಕನ್ನಡದ ಹಿರಿಯರು ಜಾಸ್ತಿ ಬರುತ್ತಾರೆ. "ಎಷ್ಟು ಹೊತ್ತು ಕೂತಿರಬೇಕಪ್ಪಾ?" ಅಂತ ಕೇಳದವರೇ ಇಲ್ಲ. ಸಕ್ಕರೆ ಕಾಯಿಲೆ, ಮಂಡಿ ನೋವು ಇರುವವರಿಗೆ ಸುಮ್ನೆ ಒಂದು ಅಂದಾಜು ಹೇಳಿ ಕಳಿಸಲು ನನಗೆ ಮನಸ್ಸು ಬರುವುದಿಲ್ಲ.

ಮೊದಲು ದೂರ. ಗೋಡೆಯ ಭೂಪಟದ ಮೇಲೆ ಸ್ಕೇಲ್ ಇಟ್ಟರೆ ಲೆಕ್ಕ ತಪ್ಪುತ್ತದೆ, ಭೂಮಿ ದುಂಡಗಿದೆಯಲ್ಲ. ನನ್ನ ಮೇಜಿನ ಮೇಲೆ 30 ಸೆಂ.ಮೀ. ಅಗಲದ ಗ್ಲೋಬ್ ಇದೆ. ದಾರದ ಒಂದು ತುದಿ ಮುಂಬೈ ಮೇಲೆ, ಇನ್ನೊಂದು ಲಂಡನ್ ಮೇಲೆ ಇಟ್ಟು ಬಿಗಿಯಾಗಿ ಎಳೆದರೆ ಸುಮಾರು 17 ಸೆಂ.ಮೀ. ಬರುತ್ತದೆ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ., ಗ್ಲೋಬಿನದು 94 ಸೆಂ.ಮೀ., ಅಂದರೆ ಒಂದು ಸೆಂಟಿಮೀಟರಿಗೆ 425 ಕಿ.ಮೀ. ಗುಣಿಸಿದರೆ 7,200 ಕಿ.ಮೀ. ಚಿಲ್ಲರೆ. ಅಕ್ಷಾಂಶ ರೇಖಾಂಶ ಹಾಕಿ ಕ್ಯಾಲ್ಕುಲೇಟರಿನಲ್ಲಿ ಮಾಡಿದರೂ ಇಷ್ಟೇ ಬರುತ್ತದೆ.

ವಿಮಾನ ಗಂಟೆಗೆ ಸುಮಾರು 900 ಕಿ.ಮೀ. ಹೋಗುತ್ತದೆ, ಹಾಗಾದರೆ ಎಂಟು ಗಂಟೆ ಸಾಕು ಅಲ್ವಾ? ಸಾಕಾಗುವುದಿಲ್ಲ. ರನ್‌ವೇವರೆಗೆ ನಿಧಾನವಾಗಿ ಹೋಗುವುದು, ಮೇಲೇರುವುದು, ಇಳಿಯುವುದು ಸೇರಿ ಅರ್ಧ ಗಂಟೆಗೂ ಮೇಲಾಗುತ್ತದೆ. ಆಮೇಲೆ ದಾರ ಹೋದ ದಾರಿಯನ್ನೇ ನೋಡಿ: ಪಾಕಿಸ್ತಾನ, ಇರಾನ್ ದಾಟಿ ಕಪ್ಪು ಸಮುದ್ರ, ಉಕ್ರೇನ್. ಉಕ್ರೇನಿನ ಆಕಾಶ 2022ರ ಫೆಬ್ರವರಿಯಲ್ಲಿ ಯುದ್ಧದಿಂದ ಮುಚ್ಚಿತು. ಪಾಕಿಸ್ತಾನ 2025ರ ಏಪ್ರಿಲ್‌ನಲ್ಲಿ ನಮ್ಮ ದೇಶದ ವಿಮಾನಗಳಿಗೆ ದಾರಿ ಬಂದ್ ಮಾಡಿತು, ಅವು ಅರಬ್ಬಿ ಸಮುದ್ರದ ಮೇಲಿಂದ ಸುತ್ತಿ ಹೋಗಬೇಕಾಯಿತು. ದಾರದ ಅಳತೆ ಅತಿ ಕಡಿಮೆ ದೂರ ಹೇಳುತ್ತದೆ, ಅಷ್ಟೇ.

ಇನ್ನೊಂದು ಗಾಳಿ. ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ, ಜೆಟ್ ಸ್ಟ್ರೀಮ್ ಅಂತಾರೆ, ಚಳಿಗಾಲದಲ್ಲಿ ಇನ್ನೂ ಜೋರು. ಹೋಗುವಾಗ ಅದು ಎದುರು, ಬರುವಾಗ ಬೆನ್ನಿಗೆ. ಹೋಗಲು ಜಾಸ್ತಿ, ಬರಲು ಕಡಿಮೆ ಹೊತ್ತು ಹಿಡಿಯುವುದು ಭೂಮಿ ತಿರುಗುವುದರಿಂದ ಅಂತ ಎಷ್ಟೋ ಜನ ವಾದ ಮಾಡುತ್ತಾರೆ. ಆದರೆ ಭೂಮಿಯ ಜೊತೆ ಗಾಳಿಯೂ ತಿರುಗುತ್ತದೆ, ಅದರೊಳಗಿನ ವಿಮಾನವೂ ತಿರುಗುತ್ತದೆ. ಸುತ್ತು ದಾರಿ, ಎದುರು ಗಾಳಿ ಎಲ್ಲ ಸೇರಿಸಿ ಹೋಗಲು ಒಂಬತ್ತೂವರೆಯಿಂದ ಹತ್ತು ಗಂಟೆ, ಕೆಲವೊಮ್ಮೆ ಇನ್ನೂ ಸ್ವಲ್ಪ ಜಾಸ್ತಿ ಅಂತ ಹೇಳುತ್ತೇನೆ. ಬರಲು ಒಂಬತ್ತರ ಆಸುಪಾಸು.

ಟಿಕೆಟ್ ನೋಡಿ, ಇಳಿಯುವ ಸಮಯದಿಂದ ಹೊರಡುವ ಸಮಯ ಕಳೆದು ಲೆಕ್ಕ ಹಾಕುವವರಿಗೆ ಒಂದು ಮಾತು. ಅದರಲ್ಲಿ ಆಯಾ ಊರಿನ ಸಮಯ ಇರುತ್ತದೆ. ಮಧ್ಯಾಹ್ನ 1ಕ್ಕೆ ಹೊರಟು ಸಂಜೆ 6ಕ್ಕೆ ಇಳಿಯುತ್ತದೆ ಅಂತಿದ್ದರೆ ಅದು ಐದು ಗಂಟೆಯ ಪ್ರಯಾಣ ಅಲ್ಲ. ಲಂಡನ್ ಗಡಿಯಾರ ನಮಗಿಂತ ಹಿಂದಿದೆ, ಅಲ್ಲಿನ ಬೇಸಿಗೆಯಲ್ಲಿ ಅದಕ್ಕೆ ನಾಲ್ಕೂವರೆ ಗಂಟೆ ಸೇರಿಸಿ, ಚಳಿಗಾಲದಲ್ಲಿ ಐದೂವರೆ. ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಬದಲಾಗುತ್ತದೆ.

ದೂರದ ಡೊಂಬಿವಲಿಯವರಿಗೆ ಮಾತ್ರ ನಾನು ಮನೆ ಬಾಗಿಲಿನಿಂದಲೇ ಲೆಕ್ಕ ಹಾಕಿಕೊಡುತ್ತೇನೆ. ಸಹಾರದಲ್ಲಿರುವ ಮುಂಬೈ ವಿಮಾನ ನಿಲ್ದಾಣದ ಟರ್ಮಿನಲ್ 2ಕ್ಕೆ ಮೂರು ಗಂಟೆ ಮುಂಚೆ ತಲುಪಬೇಕು, ರಸ್ತೆಯ ಟ್ರಾಫಿಕ್ ಬೇರೆ. ಮಾತ್ರೆ, ಇನ್ಸುಲಿನ್ ಯಾವಾಗ ಅಂತ ಡಾಕ್ಟರ್ ಹತ್ತಿರ ಕೇಳುವಾಗ ಈ ಪೂರ್ತಿ ಲೆಕ್ಕ ಬರೆದ ಚೀಟಿಯನ್ನೇ ತೋರಿಸಿ ಅನ್ನುತ್ತೇನೆ.