ಕೆಟ್ಟ ಲ್ಯಾಪ್‌ಟಾಪಿನ ಪ್ರೊಸೆಸರ್, ತೋಟದ ಆಫೀಸಿನ ಡೆಸ್ಕ್‌ಟಾಪಿಗೆ

ಚಿಕ್ಕಮಗಳೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನನಗೆ ಮಳೆಗಾಲದಲ್ಲಿ ಜಾಸ್ತಿ ಬರುವ ದೂರು ಒಂದೇ: ಕರೆಂಟ್ ಹೋದರೆ ಯುಪಿಎಸ್ ಜಾಸ್ತಿ ಹೊತ್ತು ಬರಲ್ಲ. ಆಲ್ದೂರು ಕಡೆಯ ಒಂದು ಕಾಫಿ ತೋಟದ ಆಫೀಸಿನದ್ದೂ ಅದೇ ಗೋಳು. ಸಿಲ್ವರ್ ಓಕ್ ಕೊಂಬೆ ಲೈನಿನ ಮೇಲೆ ಬಿದ್ದರೆ ಆ ದಿನದ ಕರೆಂಟ್ ಮರೆತುಬಿಡಬೇಕು. ಬಟವಾಡೆ ಮಾತ್ರ ನಿಲ್ಲೋ ಹಾಗಿಲ್ಲ.

ಅಲ್ಲಿದ್ದದ್ದು ಇಂಟೆಲ್ ಐ5-2400 ಪ್ರೊಸೆಸರಿನ ಡೆಸ್ಕ್‌ಟಾಪ್, ಆ ಚಿಪ್ 95 ವ್ಯಾಟಿನದ್ದು. ಬೀರುವಿನಲ್ಲಿ ಮದರ್‌ಬೋರ್ಡ್ ಸುಟ್ಟ ಲ್ಯಾಪ್‌ಟಾಪ್ ಒಂದಿತ್ತು, ಅದರೊಳಗೆ ಐ5-2520ಎಂ, 35 ವ್ಯಾಟ್. ಎರಡೂ 2011ರ ಚಿಪ್‌ಗಳೇ. ಲ್ಯಾಪ್‌ಟಾಪಿನದ್ದಕ್ಕೆ ನಾಲ್ಕರ ಬದಲು ಎರಡೇ ಕೋರ್ (ಲೆಕ್ಕ ಮಾಡುವ ಘಟಕ), ಆದರೆ ಕೂಲಿ ಲೆಕ್ಕಕ್ಕೆ ಅದು ಧಾರಾಳ. ಕಮ್ಮಿ ವ್ಯಾಟಿನ ಈ ಚಿಪ್ಪನ್ನೇ ಡೆಸ್ಕ್‌ಟಾಪಿಗೆ ಹಾಕಿದರೆ ಯುಪಿಎಸ್ ಹೆಚ್ಚು ಹೊತ್ತು ಬರುತ್ತೆ ಅಂದುಕೊಂಡೆ.

"ಹೊಸ ಲ್ಯಾಪ್‌ಟಾಪೇ ತಗೊಂಡ್ರೆ ಆಗಲ್ವಾ ಸಾರ್?" ಅಂದರು ತೋಟದ ಲೆಕ್ಕ ಬರೆಯುವ ರೈಟರ್. ಆಗುತ್ತೆ. ಆದರೆ ಮಾನಿಟರ್, ಕೀಬೋರ್ಡ್ ಎಲ್ಲ ಗಟ್ಟಿಯಾಗಿರುವಾಗ ಯಾಕೆ ಅಲ್ವಾ?

ಮಾಮೂಲಿ ಡೆಸ್ಕ್‌ಟಾಪ್ ಬೋರ್ಡಿಗೆ ಈ ಚಿಪ್ ಕೂರಲ್ಲ. ಇದಕ್ಕೆ ಜಿ2 ಅನ್ನೋ ಸಾಕೆಟ್ (ಚಿಪ್ ಕೂರುವ ಗೂಡು) ಬೇಕು, ಜೊತೆಗೆ ಬೋರ್ಡಿನ ಉಳಿದ ಭಾಗಗಳಿಗೆ ಕೊಂಡಿಯಾಗುವ ಎಚ್‌ಎಂ65ನಂಥ ಲ್ಯಾಪ್‌ಟಾಪ್ ಚಿಪ್‌ಸೆಟ್. ಕಾರ್ಖಾನೆ ಯಂತ್ರಗಳಿಗೆ, ಬಿಲ್ಲಿಂಗ್ ಕೌಂಟರುಗಳಿಗೆ ಅಂತಲೇ ಇಂಥ ಮಿನಿ-ಐಟಿಎಕ್ಸ್ ಅನ್ನೋ ಚಿಕ್ಕ ಅಳತೆಯ ಬೋರ್ಡುಗಳು ಬರುತ್ತಿದ್ದವು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಚಿಪ್ ತಣ್ಣಗಿಡುವ ಕೂಲರ್ ಸಮೇತವೇ ಕೊಂಡೆ, ಯಾಕೆ ಅಂತ ಮುಂದೆ ಹೇಳ್ತೀನಿ. ಚಿಪ್ಪಿನ ಹೆಸರು ನಂಬಿ ಬೋರ್ಡ್ ಕೊಳ್ಳಬೇಡಿ. ಇದೇ 2520ಎಂ ಪಿನ್ ಇರುವುದೂ ಬಂದಿದೆ, ಬೋರ್ಡಿಗೇ ಬೆಸುಗೆ ಹಾಕಿದ್ದೂ ಬಂದಿದೆ. ಮೊದಲ ತಲೆಮಾರಿನ ಜಿ1 ಸಾಕೆಟ್ ಇದರ ಹಾಗೇ ಕಂಡರೂ ಹೊಂದಲ್ಲ. ಇಂಟೆಲ್‌ನ ಐದನೇ ತಲೆಮಾರಿನಿಂದ ಈಚೆಗೆ ಲ್ಯಾಪ್‌ಟಾಪ್ ಚಿಪ್ ಎಲ್ಲ ಬೆಸುಗೆಯವೇ, ಅವನ್ನು ಕಿತ್ತು ಬೇರೆ ಬೋರ್ಡಿಗೆ ಹಾಕುವ ಆಸೆ ಬಿಡಿ.

ಮೊದಲು ಅದೇ ಸಾಕೆಟ್ಟಿನ ಇನ್ನೊಂದು ಲ್ಯಾಪ್‌ಟಾಪಿಗೆ ಹಾಕಿ ಚಿಪ್ ಬದುಕಿದೆ ಅಂತ ಖಾತ್ರಿ ಮಾಡಿಕೊಂಡೆ. ಈ ಸಾಕೆಟ್ಟಿಗೆ ಡೆಸ್ಕ್‌ಟಾಪಿನದ್ದರಂತೆ ಎತ್ತಿ ಇಳಿಸುವ ಲಿವರ್ ಇರಲ್ಲ, ಪಕ್ಕದಲ್ಲೊಂದು ಸ್ಕ್ರೂ. ಚಪ್ಪಟೆ ಸ್ಕ್ರೂಡ್ರೈವರಿನಲ್ಲಿ ತಿರುಗಿಸಿದರೆ ಸಡಿಲವಾಗುತ್ತೆ. ಮೂಲೆಯ ತ್ರಿಕೋನ ಗುರುತು ಹೊಂದಿಸಿ ಬಿಟ್ಟರೆ ಚಿಪ್ ತಾನಾಗೇ ಇಳಿಯಬೇಕು. ಒತ್ತಬೇಕು ಅನ್ನಿಸಿದರೆ ಯಾವುದೋ ಪಿನ್ ಬಾಗಿದೆ ಅಂತಲೇ ಲೆಕ್ಕ.

ಇನ್ನು ಕೂಲರ್. ಡೆಸ್ಕ್‌ಟಾಪ್ ಚಿಪ್ಪಿಗೆ ಮೇಲೊಂದು ಲೋಹದ ಮುಚ್ಚಳ ಇರುತ್ತೆ, ಇದಕ್ಕಿಲ್ಲ. ನಡುವೆ ಕನ್ನಡಿಯಂತೆ ಹೊಳೆಯುವ ಬರೀ ಸಿಲಿಕಾನ್ ತುಂಡು. ಹಾಗಾಗಿ ಮಾಮೂಲಿ ಕೂಲರ್ ಅದಕ್ಕೆ ಸರಿಯಾಗಿ ತಾಗಲ್ಲ. ಶಾಖ ದಾಟಿಸುವ ಪೇಸ್ಟ್ ಅಕ್ಕಿಕಾಳಿನಷ್ಟು ಹಾಕಿ, ಸ್ಕ್ರೂಗಳನ್ನು ಎದುರುಬದುರು ಮೂಲೆಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ಒಂದೇ ಕಡೆ ಬಿಗಿದರೆ ಸಿಲಿಕಾನಿನ ಅಂಚು ಸೀಳುತ್ತೆ. ರ‍್ಯಾಮ್ ಹಳೇ ಲ್ಯಾಪ್‌ಟಾಪಿನದ್ದೇ ಆಯಿತು.

95 ಮತ್ತು 35 ಅನ್ನೋದು ಕೆಲಸದ ಒತ್ತಡ ಇರುವಾಗಿನ ಲೆಕ್ಕ. ಸುಮ್ನೆ ಕೂತಾಗ ಎರಡು ಚಿಪ್‌ಗಳಿಗೂ ಅಷ್ಟು ಅಂತರ ಇರಲ್ಲ. ಉಳಿತಾಯದಲ್ಲಿ ದೊಡ್ಡ ಪಾಲು ಡೆಸ್ಕ್‌ಟಾಪಿನ ಹಳೇ ಎಸ್‌ಎಂಪಿಎಸ್ (ಕರೆಂಟ್ ಪೂರೈಸುವ ಡಬ್ಬಿ) ಹೋಗಿ 12 ವೋಲ್ಟ್ ಅಡಾಪ್ಟರ್ ಬಂದದ್ದರಿಂದ ಅಂತ ನನ್ನ ಅಂದಾಜು. ಏನೇ ಇರಲಿ, ಅದೇ ಯುಪಿಎಸ್‌ನಲ್ಲಿ ಈಗ ಬಟವಾಡೆ ಪಟ್ಟಿ ಮುಗಿಯುತ್ತೆ.

12 ವೋಲ್ಟ್ ಅಂದ ಕೂಡಲೇ ರೈಟರ್ ಕಣ್ಣು ಇನ್ವರ್ಟರ್ ಬ್ಯಾಟರಿ ಮೇಲೆ ಹೋಯಿತು. ನೇರ ಕೊಡೋದು ಬೇಡ ಅಂದೆ. ಚಾರ್ಜ್ ಆಗುವಾಗ ಆ ಬ್ಯಾಟರಿ 14 ವೋಲ್ಟ್ ದಾಟುತ್ತೆ, ಈ ಬೋರ್ಡ್ ಅದನ್ನು ತಾಳಿಕೊಳ್ಳಲ್ಲ.